ಮಿಂಚುಳ್ಳಿ ಕಾಯ್ತಾ ಕೂತಾಗ ಕಲಿತಿದ್ದು

ಮೊದಲ ಎರಡು ವರ್ಷ ನಾನು ಹಕ್ಕಿ ಹಿಂದೆ ಓಡ್ತಾನೇ ಇದ್ದೆ, ಒಂದು ಕಂಡ್ರೆ ಸಾಕು ಕ್ಯಾಮೆರಾ ಎತ್ಕೊಂಡು ಹತ್ರ ಹೋಗೋದು, ಅದು ಪುರ್ ಅಂತ ಮುಂದಿನ ಮರಕ್ಕೆ ಹೋಗೋದು, ನಾನು ಮತ್ತೆ ಹಿಂದೇನೇ, ಹೀಗೇ ಬೆಳಗ್ಗೆ ಎಲ್ಲಾ ಕಳೆದು ಮನೇಲಿ ನೋಡಿದ್ರೆ ಬರೀ ಬಾಲದ ಫೋಟೋಗಳು. 400 ಎಂಎಂ ಲೆನ್ಸ್ ಸಾಲ್ತಿಲ್ಲ, ದೂರದ್ದನ್ನ ಇನ್ನೂ ಹತ್ರ ತೋರಿಸೋ 600 ಬೇಕು ಅಂದ್ಕೊಂಡಿದ್ದೆ. ಈಗಲೂ ಅದೇ 400 ಇದೆ, ಒಂದೇ ಕಡೆ ಕೂರೋದು ಕಲಿತಿದೀನಿ ಅಷ್ಟೇ.

ಎಲ್ಲಿ ಕೂರಬೇಕು ಅಂತ ಹಿಕ್ಕೆ ಹೇಳುತ್ತೆ. ಹಳ್ಳದ ಮೇಲೆ ಬಾಗಿದ್ದ ಒಂದು ಒಣ ಕೊಂಬೆ, ಕೆಳಗಿನ ಕಲ್ಲಲ್ಲಿ ಸುಣ್ಣ ಚೆಲ್ಲಿದ ಹಾಗೆ ಕಲೆ, ಅಂದ್ರೆ ಯಾವುದೋ ಹಕ್ಕಿ ಅಲ್ಲಿ ಪದೇ ಪದೇ ಬಂದು ಕೂರ್ತಿದೆ. ಸೂರ್ಯನಿಗೆ ಬೆನ್ನು ಹಾಕಿ, ಪೊದೆ ಮರೆಯಲ್ಲಿ ನೆಲಕ್ಕೇ ಕೂತೆ, ಲೆನ್ಸ್ ಹಕ್ಕಿ ಕಣ್ಣಿನ ಮಟ್ಟಕ್ಕೆ ಬಂದ್ರೆ ಹಿಂದಿನ ಗಿಡಗಳೆಲ್ಲ ಚೆನ್ನಾಗಿ ಮಸುಕಾಗ್ತವೆ. ನಲವತ್ತು ನಿಮಿಷಕ್ಕೆ ಮಿಂಚುಳ್ಳಿ ಬಂತು!

ಸೆಟ್ಟಿಂಗ್ ಕೇಳೋರಿಗೆ, ಮ್ಯಾನುವಲ್ ಮೋಡ್, ಅಪರ್ಚರ್ (ಲೆನ್ಸ್ ಒಳಗೆ ಬೆಳಕು ಬರೋ ಕಿಂಡಿ) ಪೂರ್ತಿ ಓಪನ್, ಐಎಸ್ಒ (ಕಮ್ಮಿ ಬೆಳಕಲ್ಲೂ ಫೋಟೋ ಬೆಳಗಿಸೋ ಸೆಟ್ಟಿಂಗ್) ಆಟೋ. ಕೂತಿರೋ ಹಕ್ಕಿಗೆ ಶಟರ್ ವೇಗ 1/500 ಸೆಕೆಂಡ್ ಸಾಕು, ನೀರಿಗೆ ಧುಮುಕೋವಾಗ 1/2500 ಆದ್ರೂ ಬೇಕು. ಸ್ಟೆಬಿಲೈಸರ್ ಇದೆಯಲ್ಲ ಅಂತ ನಾನು ಬಹಳ ದಿನ ಶಟರ್ ವೇಗ ಕಮ್ಮಿ ಇಟ್ಟು ಕೆಟ್ಟೆ, ಅದು ನಮ್ಮ ಕೈ ನಡುಕ ತಡೆಯುತ್ತೆ, ಹಕ್ಕಿ ರೆಕ್ಕೆ ತಡೆಯಲ್ಲ. ಐಎಸ್ಒ 3200 ಹೋಗಿ ಕಾಳುಕಾಳಾದ್ರೆ ಆಮೇಲೆ ಸರಿಮಾಡ್ಬಹುದು, ಅಲುಗಿದ ಫೋಟೋನ ಏನೂ ಮಾಡಕ್ಕಾಗಲ್ಲ. ಬೆಳ್ಳಕ್ಕಿ ತೆಗೆಯೋವಾಗ ಹಿನ್ನೆಲೆ ಕಪ್ಪಗಿದ್ರೆ ಎಕ್ಸ್‌ಪೋಶರ್ ಒಂದು ಸ್ಟಾಪ್ (ಅಂದ್ರೆ ಬೆಳಕು ಅರ್ಧಕ್ಕೆ) ಇಳಿಸಿ, ಇಲ್ಲಾಂದ್ರೆ ಗರಿಗಳೆಲ್ಲ ಬಿಳಿ ಕಾಗದದ ಹಾಗೆ ಬಂದುಬಿಡುತ್ತೆ. ಇನ್ನೊಂದು, ಹಕ್ಕಿಗಳು ಸಾಮಾನ್ಯವಾಗಿ ಗಾಳಿಗೆ ಎದುರಾಗಿ ಹಾರ್ತವೆ, ಗಾಳಿ ನಮ್ಮ ಬೆನ್ನಿಂದ ಬೀಸ್ತಿದ್ರೆ ನಮ್ಮ ಕಡೆಗೇ ಮುಖ ಮಾಡಿ ಎದ್ದೇಳೋ ಚಾನ್ಸ್ ಜಾಸ್ತಿ.

ಆದ್ರೆ ಆ ಕೊಂಬೆ ಹತ್ರ ನಾನು ಮುಖ್ಯವಾಗಿ ಕಲಿತದ್ದು ಬೇರೆ. ಮೂರನೇ ದಿನ ಮಿಂಚುಳ್ಳಿ ಮೀನು ಹಿಡ್ಕೊಂಡು ಬಂತು, ಬಂದಿದ್ದು ನುಂಗ್ಲಿಲ್ಲ, ಸುಮ್ನೆ ಕೂತೇ ಇತ್ತು, ನಾನು ಖುಷೀಲಿ ಕ್ಲಿಕ್ ಮಾಡ್ತಾನೇ ಇದ್ದೆ. ಹತ್ತು ನಿಮಿಷ ಆಯ್ತು. ಸ್ಕ್ರೀನಲ್ಲಿ ಜೂಮ್ ಮಾಡಿ ನೋಡಿದಾಗ ಮೀನಿನ ತಲೆ ಹೊರಗಡೆಗೆ ಇದೆ. ತಾನೇ ತಿನ್ನೋದಾದ್ರೆ ಮಿಂಚುಳ್ಳಿ ಮೀನಿನ ತಲೆ ತನ್ನ ಗಂಟಲ ಕಡೆಗೆ ತಿರುಗಿಸ್ಕೊಳುತ್ತೆ, ತಲೆ ಮುಂದಕ್ಕಿದ್ರೆ ಅದು ಮರಿಗೋ ಜೋಡಿಗೋ ಕೊಡೋಕೆ. ಸುತ್ತ ನೋಡಿದ್ರೆ ನಾನು ಕೂತಿದ್ದ ದಂಡೆಯಲ್ಲೇ, ಎರಡು ಮಾರು ಆಚೆ, ಮಣ್ಣಲ್ಲಿ ಒಂದು ಬಿಲ. ಮರಿಗಳು ಒಳಗೆ ಹಸ್ಕೊಂಡಿದ್ವು ಅನ್ಸುತ್ತೆ, ತಾಯಿನೋ ತಂದೆನೋ ನನ್ನಿಂದಾಗಿ ಒಳಗೆ ಹೋಗ್ತಿರ್ಲಿಲ್ಲ. ಹೊಟ್ಟೆ ಚುರ್ ಅಂತು.

ನಿಧಾನಕ್ಕೆ ಬಗ್ಗಿಕೊಂಡೇ ಎದ್ದು ಹಳ್ಳದ ಆಚೆ ದಡಕ್ಕೆ, ದೂರದ ಮರದ ಹಿಂದೆ ಹೋಗಿ ನಿಂತೆ. ಒಂದು ನಿಮಿಷ ಕೂಡ ಆಗಿರ್ಲಿಲ್ಲ, ನೀಲಿ ಗೆರೆ ಎಳೆದ ಹಾಗೆ ಹೋಗಿ ಬಿಲ ಹೊಕ್ತು. ಆ ಫೋಟೋದಲ್ಲಿ ಹಕ್ಕಿ ಒಂದು ಚುಕ್ಕಿ ಅಷ್ಟೇ ಇದೆ, ನಾನು ಗೋಡೆಗೆ ಹಾಕಿರೋದು ಅದನ್ನೇ.