ಅಂಕಕ್ಕೆ ಮೊದಲು ಪ್ರಶ್ನೆ: ಕನ್ನಡದಲ್ಲಿ ವ್ಯಕ್ತಿತ್ವ ಪರೀಕ್ಷೆ ನಡೆಸುವವರಿಗೆ

ಹಾಸನ, ಚಿಕ್ಕಮಗಳೂರು ಕಡೆಯ ಪದವಿ ಕಾಲೇಜುಗಳಲ್ಲಿ ಮನಃಶಾಸ್ತ್ರ ಕಲಿಸುವವರಿಗೆ, ಪ್ರಾಜೆಕ್ಟ್ ಮಾಡುವ ವಿದ್ಯಾರ್ಥಿಗಳಿಗೆ ಈ ಬರಹ. ಪ್ರಾಯೋಗಿಕ ತರಗತಿಯಲ್ಲಿ ಎಷ್ಟೋ ಸಲ ಆಗುವುದು ಇಷ್ಟು: ಬೀರುವಿನಿಂದ ಹಳೆಯ ಪ್ರಶ್ನಾವಳಿಯೊಂದು ಹೊರಬರುತ್ತದೆ, ಜೆರಾಕ್ಸ್ ಆಗುತ್ತದೆ, ಹುಡುಗರು ಗುರುತು ಹಾಕುತ್ತಾರೆ, ಕೀಲಿ ನೋಡಿ ಅಂಕ ಕೂಡಿ ‘ಈತ ಅಂತರ್ಮುಖಿ’ ಎಂದು ರೆಕಾರ್ಡಿನಲ್ಲಿ ಬರೆಯುತ್ತಾರೆ. ಥಿಯರಿ ಪತ್ರಿಕೆಯಲ್ಲಿ ಫ್ರಾಯ್ಡ್, ರೋಜರ್ಸ್, ಬಂಡೂರ, ಕ್ಯಾಟೆಲ್ ಎಲ್ಲರ ಬಗ್ಗೆಯೂ ಬರೆದ ವಿದ್ಯಾರ್ಥಿಗೆ, ಆ ಅಂಕಕ್ಕೂ ಈ ನಾಲ್ವರಿಗೂ ಏನು ಸಂಬಂಧ ಎಂದು ಕೇಳಿದರೆ ಉತ್ತರ ಇರುವುದಿಲ್ಲ. ಪರೀಕ್ಷೆಯ ಅಂಕ ಯಾವ ಸಿದ್ಧಾಂತದ ಪ್ರಶ್ನೆಗೆ ಉತ್ತರ ಎಂಬುದು ಮೊದಲೇ ಗೊತ್ತಿರಬೇಕು. ಗೊತ್ತಿಲ್ಲದೆ ಅಳೆದರೆ ಅಂಕ ಸಿಗುತ್ತದೆ, ಅರ್ಥ ಸಿಗುವುದಿಲ್ಲ.

ಮೊದಲು ಸಿದ್ಧಾಂತಗಳನ್ನು ಒಂದೆಡೆ ತನ್ನಿ

ಎಲ್ಲ ಸಿದ್ಧಾಂತಗಳನ್ನೂ ಬೆರೆಸಿ ಒಂದೇ ಪಾಕ ಮಾಡಲು ಹೋಗಬೇಡಿ. ಯಾವ ಸಿದ್ಧಾಂತ ಯಾವ ಪ್ರಶ್ನೆ ಕೇಳುತ್ತದೆ ಎಂದು ಬೇರ್ಪಡಿಸಿಕೊಳ್ಳಿ. ಇದಕ್ಕೆ ಮನಃಶಾಸ್ತ್ರಜ್ಞ ಡ್ಯಾನ್ ಮ್ಯಾಕ್‌ಆಡಮ್ಸ್ 1995ರಲ್ಲಿ ಮುಂದಿಟ್ಟ ಮೂರು ಹಂತಗಳ ಚೌಕಟ್ಟು ತರಗತಿಗೆ ಬಹಳ ಅನುಕೂಲ. ಮೊದಲ ಹಂತ ಶೀಲಗುಣ: ಬೇರೆಯವರಿಗೆ ಹೋಲಿಸಿದರೆ ಈ ವ್ಯಕ್ತಿ ಸಾಮಾನ್ಯವಾಗಿ ಹೇಗೆ? ಆಲ್‌ಪೋರ್ಟ್, ಕ್ಯಾಟೆಲ್, ಐಸೆಂಕ್, ಐದು ಅಂಶಗಳ ಮಾದರಿ ಎಲ್ಲವೂ ಇಲ್ಲಿ ಕೂರುತ್ತವೆ. ಎರಡನೆಯದರಲ್ಲಿ ಗುರಿ, ನಂಬಿಕೆ, ಹೆದರಿಕೆ, ತನ್ನ ಕೈಲಾಗುತ್ತದೆ ಎಂಬ ಭರವಸೆ ಬರುತ್ತವೆ. ಬಂಡೂರ, ರಾಟರ್, ರೋಜರ್ಸ್ ಇಲ್ಲಿಯವರು. ಮೂರನೆಯದು, ತನ್ನ ಬದುಕನ್ನು ಆತ ಯಾವ ಕಥೆಯಾಗಿ ಹೇಳಿಕೊಳ್ಳುತ್ತಾನೆ ಎಂಬುದು. ಪ್ರಶ್ನಾವಳಿಯ ಅಂಕ ಮೊದಲ ಹಂತವನ್ನು ಚೆನ್ನಾಗಿ ಮುಟ್ಟುತ್ತದೆ, ಎರಡನೆಯದನ್ನು ಅರೆಬರೆ, ಮೂರನೆಯದನ್ನು ಮುಟ್ಟುವುದೇ ಇಲ್ಲ.

ಫ್ರಾಯ್ಡ್‌ನ ಅಚೇತನಕ್ಕೆ ಸಂಬಂಧಿಸಿದ ಪ್ರಕ್ಷೇಪಣ ಪರೀಕ್ಷೆಗಳು (ಅಸ್ಪಷ್ಟ ಚಿತ್ರ ತೋರಿಸಿ, ಕಂಡದ್ದನ್ನು ಹೇಳಿಸಿ ಒಳಮನಸ್ಸನ್ನು ಊಹಿಸುವಂಥವು), ಅಂದರೆ 1921ರ ರೋರ್ಶಾಕ್‌ನ ಹತ್ತು ಶಾಯಿಕಲೆ ಕಾರ್ಡುಗಳು, 1935ರಲ್ಲಿ ಮಾರ್ಗನ್ ಮತ್ತು ಮರ್ರೆ ಪ್ರಕಟಿಸಿದ, ನೋಡಿ ಕಥೆ ಹೇಳಿಸುವ ಟಿಎಟಿ ಚಿತ್ರಗಳು, ದೀರ್ಘ ತರಬೇತಿ ಬೇಡುವಂಥವು. ತರಗತಿಯಲ್ಲಿ ತೋರಿಸಿ ವಿವರಿಸಿ ಸಾಕು, ವಿದ್ಯಾರ್ಥಿಗಳ ಮೇಲೆ ಪ್ರಯೋಗಿಸಿ ವರದಿ ಬರೆಯಬೇಡಿ.

ಶೀಲಗುಣಗಳ ಹುಟ್ಟು ಮಾತ್ರ ಮರೆಯಬಾರದು. 1936ರಲ್ಲಿ ಆಲ್‌ಪೋರ್ಟ್ ಮತ್ತು ಓಡ್ಬರ್ಟ್ ಇಂಗ್ಲಿಷ್ ನಿಘಂಟಿನಿಂದ ಮನುಷ್ಯರನ್ನು ಬಣ್ಣಿಸುವ ಸುಮಾರು 18,000 ಪದ ಹೆಕ್ಕಿದರು. ಅದನ್ನು ಕ್ಯಾಟೆಲ್ ಅಂಶ ವಿಶ್ಲೇಷಣೆಯಿಂದ (ಒಟ್ಟಿಗೆ ಏರಿಳಿಯುವ ಗುಣಗಳನ್ನು ಗುಂಪು ಮಾಡುವ ಲೆಕ್ಕದಿಂದ) 16ಕ್ಕೆ ಇಳಿಸಿದ, ಮುಂದಿನವರು ಐದಕ್ಕೆ ತಂದರು. ಅಂಶ ವಿಶ್ಲೇಷಣೆಗೆ ಬುನಾದಿ ಹಾಕಿದ ಸ್ಪಿಯರ್‌ಮನ್ ಬಳಿ ಲಂಡನ್ನಿನಲ್ಲಿ ಕಲಿತು ಬಂದ ಎಂ.ವಿ. ಗೋಪಾಲಸ್ವಾಮಿಯವರೇ 1924ರಲ್ಲಿ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಮನಃಶಾಸ್ತ್ರ ವಿಭಾಗ ಕಟ್ಟಿದ್ದು. ಈ ಲೆಕ್ಕಾಚಾರ ನಮ್ಮ ನಾಡಿಗೆ ಹೊಸದೇನಲ್ಲ. ಆದರೆ ಐದು ಅಂಶಗಳು ಎದ್ದದ್ದು ಇಂಗ್ಲಿಷ್ ಪದಕೋಶದಿಂದ. ನಮ್ಮ ‘ದಾಕ್ಷಿಣ್ಯ’ಕ್ಕೆ ಅಲ್ಲಿ ತನ್ನದೇ ಮನೆಯಿಲ್ಲ: ಅದರಲ್ಲಿ ಸೌಜನ್ಯವೂ ಇದೆ, ‘ಆಗಲ್ಲ’ ಎನ್ನಲಾರದ ಸಂಕಟವೂ ಇದೆ.

ಸಾಧನ

ಐದು ಅಂಶಗಳನ್ನು ಅಳೆಯುವ ನಿಯೋ, ಕ್ಯಾಟೆಲ್‌ನ 16 ಪಿಎಫ್‌ನಂಥವು ಹಕ್ಕುಸ್ವಾಮ್ಯ ಇರುವ ಪರೀಕ್ಷೆಗಳು, ದುಡ್ಡು ಕೊಟ್ಟೇ ಬಳಸಬೇಕು. ಕಾಲೇಜಿಗೆ ಹೊಂದುವುದು ಲೂಯಿಸ್ ಗೋಲ್ಡ್‌ಬರ್ಗ್ ಆರಂಭಿಸಿದ ಐಪಿಐಪಿ ಎಂಬ ವ್ಯಕ್ತಿತ್ವ ಹೇಳಿಕೆಗಳ ಸಂಗ್ರಹದ 50 ಹೇಳಿಕೆಗಳ ಪಟ್ಟಿ. ಅದು ಸಾರ್ವಜನಿಕ ಸ್ವತ್ತು. ಅನುವಾದಿಸಲು, ಅಚ್ಚು ಹಾಕಲು ಯಾರ ಅನುಮತಿಯೂ ಬೇಡ. ಬಹಿರ್ಮುಖತೆ, ಸ್ನೇಹಪರತೆ, ಕರ್ತವ್ಯನಿಷ್ಠೆ, ಭಾವನಾತ್ಮಕ ಸ್ಥಿರತೆ, ಬೌದ್ಧಿಕ ಕಲ್ಪನಾಶೀಲತೆ, ಒಂದೊಂದಕ್ಕೆ ಹತ್ತು ಹೇಳಿಕೆ. ಪ್ರತಿ ಹೇಳಿಕೆಗೆ 1ರಿಂದ (ಹೊಂದುವುದೇ ಇಲ್ಲ) 5ರವರೆಗೆ (ಪೂರ್ತಿ ಹೊಂದುತ್ತದೆ) ಅಂಕ, ಹಾಗಾಗಿ ಪ್ರತಿ ಅಂಶದ ಮೊತ್ತ 10ರಿಂದ 50ರೊಳಗೆ.

ಕನ್ನಡಕ್ಕೆ ತರುವಾಗ

ಕೆಲಸ ಕೆಡುವುದು ಹೆಚ್ಚಾಗಿ ಇಲ್ಲೇ. ಇಬ್ಬರು ಒಬ್ಬರದನ್ನು ಒಬ್ಬರು ನೋಡದೆ ಅನುವಾದಿಸಲಿ, ಅವರಲ್ಲಿ ಒಬ್ಬರು ಮನಃಶಾಸ್ತ್ರದವರಲ್ಲದಿದ್ದರೆ ಒಳ್ಳೆಯದು. ಎರಡನ್ನೂ ಕೂಡಿಸಿ ಒಂದು ಮಾಡಿ. ಮೂಲ ನೋಡಿರದ ಮೂರನೆಯವರು ಅದನ್ನು ಮತ್ತೆ ಇಂಗ್ಲಿಷಿಗೆ ತಿರುಗಿಸಲಿ. ಎಲ್ಲಿ ಅರ್ಥ ಜಾರಿತು ಎಂದು ಆಗ ಕಾಣುತ್ತದೆ.

ಬಹಿರ್ಮುಖತೆಯ ಮೊದಲ ಹೇಳಿಕೆಯನ್ನೇ ನೋಡಿ. ಪದಕ್ಕೆ ಪದ ಇಟ್ಟರೆ ‘ನಾನು ಪಾರ್ಟಿಯ ಜೀವಾಳ’ ಎಂದಾಗುತ್ತದೆ. ನಮ್ಮ ಕಡೆ ಪಾರ್ಟಿ ಎಂದರೆ ಒಂದೋ ರಾಜಕೀಯ ಪಕ್ಷ, ಇಲ್ಲವೇ ಗುಂಡು ಹಾಕುವ ಕೂಟ. ಎಷ್ಟೇ ಮಾತುಗಾರ್ತಿಯಾದರೂ ಹುಡುಗಿಯೊಬ್ಬಳು ಅದಕ್ಕೆ 1 ಹಾಕಿಬಿಡುತ್ತಾಳೆ. ‘ನಾಲ್ಕು ಜನ ಸೇರಿದ ಕಡೆ ನಾನಿದ್ದರೆ ಕಳೆ ಕಟ್ಟುತ್ತದೆ’ ಎಂದರೆ ಮೂಲದ ಗುಣ ಉಳಿಯುತ್ತದೆ.

ಎರಡನೆಯ ತೊಡಕು ‘ಇಲ್ಲ’. ‘ನಾನು ಹೆಚ್ಚು ಮಾತಾಡುವುದಿಲ್ಲ’ ಎಂಬ ಹೇಳಿಕೆಗೆ ಒಪ್ಪುವವನು ಬಾಯಲ್ಲಿ ‘ಇಲ್ಲ ಸಾರ್’ ಎನ್ನುತ್ತಾನೆ, ಅಂದರೆ ‘ಮಾತಾಡಲ್ಲ, ನಿಜ’ ಎಂದು. ಕೈ ಮಾತ್ರ ‘ಹೊಂದುವುದಿಲ್ಲ’ ಎಂಬ ಕಡೆ ಹೋಗುತ್ತದೆ, ಅಂಕ ತಲೆಕೆಳಗು. ಆದ್ದರಿಂದ ನಿಷೇಧದ ಹೇಳಿಕೆಗಳನ್ನು ಸಾಧ್ಯವಾದಷ್ಟೂ ‘ಇಲ್ಲ’ ಇಲ್ಲದೆ ಬರೆಯಿರಿ: ‘ನನ್ನದು ಮಾತು ಕಡಿಮೆ.’

ಇನ್ನು ‘ಬೇಜಾರು’. ಕೆಲಸವಿಲ್ಲದೆ ಕೂತರೂ ಬೇಜಾರು, ಅಜ್ಜಿ ತೀರಿಕೊಂಡರೂ ಬೇಜಾರು, ಗೆಳೆಯ ಫೋನ್ ಎತ್ತದಿದ್ದರೂ ಬೇಜಾರು. ದುಃಖವನ್ನು ಅಳೆಯುವ ಹೇಳಿಕೆಯಲ್ಲಿ ಈ ಪದವೊಂದನ್ನೇ ನೆಚ್ಚಿದರೆ ಮೂರನ್ನೂ ಒಟ್ಟಿಗೆ ಅಳೆದಂತೆ. ‘ಮನಸ್ಸು ಕುಗ್ಗುವುದು’ ಹೆಚ್ಚು ನಿಖರ. ಉತ್ತರದ ಆಯ್ಕೆಗಳಲ್ಲಿ ‘ಸುಮಾರಾಗಿ’ ಬಳಸಬೇಡಿ, ಆಡುಮಾತಿನಲ್ಲಿ ಸುಮಾರು ಎಂದರೆ ‘ಅಷ್ಟಕ್ಕಷ್ಟೆ’. 4ಕ್ಕೆ ‘ಬಹುಮಟ್ಟಿಗೆ ಹೊಂದುತ್ತದೆ’, 5ಕ್ಕೆ ‘ಪೂರ್ತಿ ಹೊಂದುತ್ತದೆ’ ಎಂದಿಡಿ.

ಕರಡು ಸಿದ್ಧವಾದ ಮೇಲೆ ಎಂಟು ಹತ್ತು ವಿದ್ಯಾರ್ಥಿಗಳನ್ನು ಒಬ್ಬೊಬ್ಬರಾಗಿ ಕೂರಿಸಿ, ಓದಿ ಅರ್ಥವಾದದ್ದನ್ನು ಅವರದೇ ಮಾತಿನಲ್ಲಿ ಹೇಳಿಸಿ. ಅರಸೀಕೆರೆ, ಕಡೂರಿನ ಬಯಲುಸೀಮೆಯವರೂ ಸಕಲೇಶಪುರ, ಮೂಡಿಗೆರೆ, ಕೊಪ್ಪದ ಮಲೆನಾಡಿನವರೂ ಅದರಲ್ಲಿರಲಿ. ಮಲೆನಾಡಿನವರಿಗೆ ‘ತಲೆಬಿಸಿ’ ಎಂದರೆ ತಟ್ಟನೆ ಹೊಳೆಯುವುದು ಉಳಿದವರಿಗೆ ‘ಟೆನ್ಷನ್’ ಎಂದರೆ ಹೊಳೆಯುತ್ತದೆ. ಮನೆಯಲ್ಲಿ ಲಂಬಾಣಿ, ತುಳು, ಉರ್ದು ಆಡುವವರನ್ನು ಬಿಡಬೇಡಿ. ಮೂವರು ಎಡವಿದ ಹೇಳಿಕೆಯನ್ನು ತಿದ್ದಲೇಬೇಕು.

ಪರೀಕ್ಷೆಯ ದಿನ

50 ಹೇಳಿಕೆಗೆ 10–15 ನಿಮಿಷ ಸಾಕು, ಸೂಚನೆಯೂ ಸೇರಿ 40 ನಿಮಿಷದ ಅವಧಿ ಇಟ್ಟುಕೊಳ್ಳಿ. ಕೊನೆಯ ಪೀರಿಯಡ್ ಬೇಡ: ಆಲೂರು, ಬೇಲೂರು ಕಡೆಯ ಬಸ್ ಹಿಡಿಯಬೇಕಾದವರು ಕಣ್ಣುಮುಚ್ಚಿ ಗುರುತು ಹಾಕಿ ಎದ್ದುಬಿಡುತ್ತಾರೆ. ಇಂಟರ್ನಲ್ಸ್ ವಾರವೂ ಬೇಡ, ಆ ವಾರದ ಆತಂಕ ಶೀಲಗುಣದ ವೇಷದಲ್ಲಿ ಬರುತ್ತದೆ. ಡಿಸೆಂಬರಿನಿಂದ ಫೆಬ್ರುವರಿವರೆಗೆ ಕಾಫಿ ಕೊಯ್ಲಿನ ಕಾಲ. ಬೆಳೆಗಾರರ, ಕೂಲಿಯವರ ಮಕ್ಕಳ ಹಾಜರಿ ಇಳಿದಿದ್ದರೆ ಮಾದರಿ ಪೇಟೆಯ ಕಡೆ ವಾಲುತ್ತದೆ.

ಹಾಳೆಯಲ್ಲಿ ಹೆಸರು ಬೇಡ, ಕ್ರಮಸಂಕೇತ ಸಾಕು. ಇಂಟರ್ನಲ್ ಅಂಕ ಕೊಡುವ ಮೇಷ್ಟ್ರು ಕೋಣೆಯಲ್ಲಿದ್ದರೆ ಎಲ್ಲರೂ ಕರ್ತವ್ಯನಿಷ್ಠರಾಗುತ್ತಾರೆ, ಹಾಗಾಗಿ ಬೇರೆಯವರು ನಡೆಸಲಿ. ‘ಇದಕ್ಕೆ ಯಾವುದು ಸರಿ, ಸಾರ್?’ ಎಂದು ಕೇಳುವವರು ಇದ್ದೇ ಇರುತ್ತಾರೆ. ‘ಸರಿ ತಪ್ಪು ಇಲ್ಲಪ್ಪ, ಮೊದಲು ಅನ್ನಿಸಿದ್ದನ್ನು ಹಾಕು’ ಎಂಬ ಒಂದೇ ಉತ್ತರವನ್ನು ಎಲ್ಲರಿಗೂ ಕೊಡಿ. ಹೇಳಿಕೆಯನ್ನು ನಿಮ್ಮ ಮಾತಿನಲ್ಲಿ ವಿವರಿಸಿದರೆ ಒಬ್ಬೊಬ್ಬರಿಗೆ ಒಂದೊಂದು ಪರೀಕ್ಷೆ ಕೊಟ್ಟಂತೆ.

ಅಂಕ ಕೂಡುವುದು

ತಿರುವು ಹೇಳಿಕೆಗಳಿಗೆ, ಅಂದರೆ ಒಪ್ಪಿದರೆ ಆ ಗುಣ ಕಡಿಮೆ ಎಂದು ತೋರಿಸುವಂಥವಕ್ಕೆ (‘ನನ್ನದು ಮಾತು ಕಡಿಮೆ’), 6ರಿಂದ ಅಂಕವನ್ನು ಕಳೆಯಿರಿ: 2 ಹಾಕಿದ್ದರೆ 4. ಆದರೆ ತಿರುಗಿಸುವ ಮೊದಲೇ ಕಚ್ಚಾ ಉತ್ತರಗಳ ಮೇಲೆ ಕಣ್ಣಾಡಿಸಿ. ಒಬ್ಬ ಓದದೆ 50ಕ್ಕೂ 4 ಹಾಕಿದ ಎನ್ನಿ. ಬಹಿರ್ಮುಖತೆಯಲ್ಲಿ ಐದು ನೇರ, ಐದು ತಿರುವು. ಮೊತ್ತ ಸರಿಯಾಗಿ 30, ಅಂದರೆ ನಟ್ಟನಡುವೆ. ಸ್ಥಿರತೆಯಲ್ಲಿ ಎರಡೇ ನೇರ, ಎಂಟು ತಿರುವು. ಅಲ್ಲಿ 24 ಬಂದು ಆತಂಕದವನಂತೆ ಕಾಣುತ್ತಾನೆ. ಮೊತ್ತ ಮಾತ್ರ ನೋಡಿದರೆ ಈ ಹಾಳೆ ಸಿಕ್ಕಿಬೀಳುವುದಿಲ್ಲ. ಹತ್ತರಲ್ಲಿ ಒಂದೋ ಎರಡೋ ಖಾಲಿ ಬಿಟ್ಟಿದ್ದರೆ ಉಳಿದವುಗಳ ಸರಾಸರಿ ತುಂಬಿ; ಎರಡು ಮೀರಿದರೆ ಆ ಅಂಶವನ್ನು ಕೈಬಿಡಿ.

ಕ್ರಾನ್‌ಬಾಕ್ 1951ರಲ್ಲಿ ಕೊಟ್ಟ ಆಲ್ಫಾ, ಅಂದರೆ ಒಂದು ಅಂಶದ ಹೇಳಿಕೆಗಳು ಒಂದಕ್ಕೊಂದು ಎಷ್ಟು ಹೊಂದುತ್ತವೆ ಎಂಬುದರ ಅಳತೆ, ಲೆಕ್ಕ ಹಾಕಿ. 0.70ಕ್ಕಿಂತ ಕೆಳಗೆ ಬಂದರೆ ಕೂಡಲೇ ಹೇಳಿಕೆಗಳನ್ನು ಬಿಸಾಡಬೇಡಿ, ಮೊದಲು ತಿರುವಿನ ಕೀಲಿ ಪರೀಕ್ಷಿಸಿ. ಉಳಿದವುಗಳ ಮೊತ್ತದೊಂದಿಗೆ ಒಂದು ಹೇಳಿಕೆಯ ಸಹಸಂಬಂಧ (ಎರಡು ಅಂಕಗಳು ಎಷ್ಟು ಜೊತೆಯಾಗಿ ಏರಿಳಿಯುತ್ತವೆ ಎಂಬುದರ ಅಳತೆ) ಋಣವಾಗಿದ್ದರೆ, ತಿರುಗಿಸಲು ಮರೆತಿರುತ್ತೀರಿ ಅಥವಾ ಅನುವಾದದ ‘ಇಲ್ಲ’ ಕಾಟ ಕೊಟ್ಟಿರುತ್ತದೆ.

ಅಂಕದ ಸುತ್ತ ಎಷ್ಟು ಅಲುಗಾಟವಿದೆ ಎಂಬುದು ವರದಿಯಲ್ಲಿ ಬರಲೇಬೇಕು. ಮಾನಕ ವಿಚಲನೆ (ಅಂಕಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬುದು) 6.5, ಆಲ್ಫಾ 0.80 ಎಂದುಕೊಳ್ಳಿ. 1ರಿಂದ 0.80 ಕಳೆದರೆ 0.20, ಅದರ ವರ್ಗಮೂಲ 0.447, ಅದನ್ನು 6.5ರಿಂದ ಗುಣಿಸಿದರೆ ಅಳತೆಯ ದೋಷ ಸುಮಾರು 2.9. ಶೇ 95ರ ಭರವಸೆಗೆ ಅದರ 1.96 ಪಟ್ಟು, ಅಂದರೆ 5.7. ಹೀಗಾಗಿ 33 ಎಂದರೆ 27ರಿಂದ 39ರ ನಡುವೆ ಎಲ್ಲಾದರೂ ಇರಬಹುದು. 31 ಬಂದವಳಿಗಿಂತ 33 ಬಂದವನು ಹೆಚ್ಚು ಬಹಿರ್ಮುಖಿ ಎನ್ನಲು ಈ ಲೆಕ್ಕ ಬಿಡುವುದಿಲ್ಲ.

ಅಮೆರಿಕದ ಸರಾಸರಿಗೆ ಹೋಲಿಸಬೇಡಿ. ಕನಿಷ್ಠ 200 ವಿದ್ಯಾರ್ಥಿಗಳಿಂದ ನಿಮ್ಮದೇ ಮಾನಕ, ಅಂದರೆ ಹೋಲಿಕೆಯ ಅಳತೆಗೋಲು, ಕಟ್ಟಿ. ಸರಾಸರಿ 31, ವಿಚಲನೆ 6.5 ಇದ್ದರೆ 38 ಪಡೆದವಳು ಸರಾಸರಿಗಿಂತ 1.08 ವಿಚಲನೆ ಮೇಲೆ, ಟಿ-ಅಂಕ (ಸರಾಸರಿಯನ್ನು 50, ಒಂದು ವಿಚಲನೆಯನ್ನು 10 ಎಂದಿಟ್ಟ ಅಂಕ) 61.

ಅಂಕವನ್ನು ಮತ್ತೆ ಸಿದ್ಧಾಂತಕ್ಕೆ ಜೋಡಿಸುವುದು

ಒಂದು ಸಲದ ನಡವಳಿಕೆಯನ್ನು ಶೀಲಗುಣದ ಅಂಕ ಚೆನ್ನಾಗಿ ಮುನ್ನುಡಿಯುವುದಿಲ್ಲ, ಆ ಸಹಸಂಬಂಧ 0.30 ದಾಟುವುದು ಅಪರೂಪ ಎಂದು ವಾಲ್ಟರ್ ಮಿಶೆಲ್ 1968ರಲ್ಲಿ ತೋರಿಸಿದ. ಹಲವು ದಿನಗಳ ನಡವಳಿಕೆಯ ಸರಾಸರಿ ತೆಗೆದರೆ ಸಂಬಂಧ ಗಟ್ಟಿಯಾಗುತ್ತದೆ ಎಂದು ಸೀಮೋರ್ ಎಪ್‌ಸ್ಟೈನ್ 1979ರಲ್ಲಿ ಉತ್ತರ ಕೊಟ್ಟ. ನಮಗೆ ಇದರಿಂದ ಎರಡು ಕೆಲಸ. ಅದೇ 50 ಹೇಳಿಕೆಗಳನ್ನು ‘ಇವನು’, ‘ಇವಳು’ ಎಂದು ಬದಲಿಸಿ, ಹಾಸ್ಟೆಲಿನ ಜೊತೆಗಾರರೊಬ್ಬರಿಂದ ಒಪ್ಪಿಗೆ ಪಡೆದು ತುಂಬಿಸಿ. ಇಬ್ಬರ ಅಂಕಗಳ ಸಹಸಂಬಂಧ 0.4ರ ಆಸುಪಾಸು ಬಂದರೆ ಸಾಧನ ಕೆಲಸ ಮಾಡುತ್ತಿದೆ. ಮತ್ತೆ, ‘ಯಾವಾಗ?’ ಎಂದು ಕೇಳಿ. ತರಗತಿಯಲ್ಲಿ ತುಟಿ ಬಿಚ್ಚದವನು ಕಬಡ್ಡಿ ಅಂಕಣದಲ್ಲಿ ಎಲ್ಲರನ್ನೂ ಹುರಿದುಂಬಿಸುವವನಾದರೆ, ‘ಅಂತರ್ಮುಖಿ’ ಎಂಬ ಒಂದೇ ಪದ ಅವನಿಗೆ ಅನ್ಯಾಯ.

ಎರಡನೆಯ ಹಂತಕ್ಕೆ ರಾಟರ್‌ನ 1966ರ ನಿಯಂತ್ರಣ ನೆಲೆಯ (ಬದುಕು ತನ್ನ ಕೈಯಲ್ಲಿದೆಯೋ, ಹೊರಗಿನದರ ಕೈಯಲ್ಲೋ ಎಂಬ ನಂಬಿಕೆಯ) ಮಾಪನವಿದೆ: 29 ಜೋಡಿ ಹೇಳಿಕೆ, ಅದರಲ್ಲಿ ಆರಕ್ಕೆ ಅಂಕವಿಲ್ಲ. ಇಲ್ಲಿ ತುಸು ನಿಂತು ಯೋಚಿಸಿ. ಮಾರ್ಚಿನ ಹೂಮಳೆ ಬಂದರೆ ಕಾಫಿ, ಇಲ್ಲದಿದ್ದರೆ ಸಾಲ ಎಂಬ ಮನೆಯಲ್ಲಿ ಬೆಳೆದವಳು ‘ಎಲ್ಲವೂ ನಮ್ಮ ಕೈಲಿಲ್ಲ’ ಎಂದು ಗುರುತು ಹಾಕಿದರೆ ಅದು ಕೈಚೆಲ್ಲುವ ಸ್ವಭಾವವಲ್ಲ, ಕಂಡ ಸತ್ಯ. ರೋಜರ್ಸ್‌ನ ವಿಚಾರ ಅಳೆಯಲು ಒಂದು ಸುಲಭ ದಾರಿ: ಅದೇ 50 ಹೇಳಿಕೆಗಳನ್ನು ವಾರದ ನಂತರ ‘ನಾನು ಹೇಗಿರಬೇಕೆಂದು ಬಯಸುತ್ತೇನೆ’ ಎಂದು ತುಂಬಿಸಿ, ಎರಡೂ ಹಾಳೆಗಳ ಉತ್ತರಗಳ ಸಹಸಂಬಂಧ ನೋಡಿ. ಅದು ಕಡಿಮೆಯಿದ್ದಷ್ಟೂ ಇರುವ ನಾನು ಮತ್ತು ಬಯಸುವ ನಾನು ದೂರ ದೂರ.

ಮೂರನೆಯದಕ್ಕೆ ಕಾಗದ ಬೇಡ, 45 ನಿಮಿಷದ ಮಾತುಕತೆ ಬೇಕು. ಬದುಕಿನ ಅತ್ಯಂತ ಖುಷಿಯ ಗಳಿಗೆ, ಅತ್ಯಂತ ಕಷ್ಟದ ಗಳಿಗೆ, ದಿಕ್ಕು ಬದಲಾದ ಗಳಿಗೆ, ಈ ಮೂರನ್ನು ಕೇಳಿ ಸುಮ್ಮನೆ ಆಲಿಸಿ. ಕಷ್ಟದ್ದನ್ನು ಹೇಳದಿದ್ದರೆ ಒತ್ತಾಯ ಬೇಡ.

ವರದಿಯಲ್ಲಿ ‘ಈತ ಅಂತರ್ಮುಖಿ’ ಎಂದು ಬರೆಯುವ ಬದಲು ಹೀಗೆ ಬರೆಯಿರಿ: ‘ಈ ಕಾಲೇಜಿನ 200 ವಿದ್ಯಾರ್ಥಿಗಳಿಗೆ ಹೋಲಿಸಿದರೆ ಬಹಿರ್ಮುಖತೆ 22, ದೋಷದ ಮಿತಿ 16ರಿಂದ 28, ಗೆಳೆಯ ಕೊಟ್ಟ ಅಂಕ 29, ಪರಿಚಿತರ ನಡುವೆ ಮಾತು ಹೆಚ್ಚು.’ ಫಲಿತಾಂಶವನ್ನು ಆ ವಿದ್ಯಾರ್ಥಿಗೇ, ಒಬ್ಬನೇ ಇದ್ದಾಗ ಹೇಳಿ. ಮನೆಯವರು ಫೋನ್ ಮಾಡಿ ಕೇಳಿದರೂ ಅವನ ಒಪ್ಪಿಗೆಯಿಲ್ಲದೆ ಕೊಡಬೇಡಿ. ಸ್ಥಿರತೆಯ ಅಂಕ ಕಡಿಮೆ ಬಂದರೆ ಅದು ಕಾಯಿಲೆಯ ಗುರುತಲ್ಲ, ಹಾಗೆಂದು ಬರೆಯಲೂ ಕೂಡದು. ಆದರೆ ಮಾತಿನ ನಡುವೆ ಯಾರಾದರೂ ಬದುಕುವುದೇ ಬೇಡ ಎಂಬರ್ಥದ ಮಾತಾಡಿದರೆ ಪರೀಕ್ಷೆಯನ್ನು ಅಲ್ಲಿಗೇ ನಿಲ್ಲಿಸಿ. ಒಂಟಿಯಾಗಿ ಬಿಡದೆ, ಅವರ ಜೊತೆಯಲ್ಲೇ ಕೂತು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್‌ನ 14416ಕ್ಕೆ ಕರೆ ಮಾಡಿ, ಜಿಲ್ಲಾ ಆಸ್ಪತ್ರೆಯ ಮನೋವೈದ್ಯರ ಬಳಿಗೆ ಅಂದೇ ಕರೆದೊಯ್ಯಿರಿ.