ಲಿಂಕ್ ಪಟ್ಟಿಗಳ ವಿಂಗಡಣೆಯನ್ನು ಸ್ಕ್ರಿಪ್ಟ್‌ಗೆ ಒಪ್ಪಿಸಿದ ನನ್ನ ಅನುಭವ

ನಾನು ನೋಡಿಕೊಳ್ಳುವ ಒಂದು ಮಾರ್ಕ್‌ಡೌನ್ (ಸರಳ ಚಿಹ್ನೆಗಳಿಂದ ಪಠ್ಯಕ್ಕೆ ವಿನ್ಯಾಸ ಕೊಡುವ ಬಗೆ) ಕಡತದಲ್ಲಿ ಉಪಯುಕ್ತ ತಂತ್ರಾಂಶಗಳ ಲಿಂಕ್‌ಗಳು ವಿಷಯವಾರು ಪಟ್ಟಿಗಳಲ್ಲಿವೆ. ಹೊಸ ಲಿಂಕ್ ಸೇರಿಸುವವರೆಲ್ಲರೂ ಕೊನೆಯ ಸಾಲಿನ ಕೆಳಗೇ ಬರೆಯುತ್ತಿದ್ದುದರಿಂದ ಬದಲಾವಣೆಗಳ ದಾಖಲೆ ಇಡುವ ಗಿಟ್‌ನಲ್ಲಿ ಮೇಲಿಂದ ಮೇಲೆ ಮರ್ಜ್ ಕಾನ್‌ಫ್ಲಿಕ್ಟ್ (ಇಬ್ಬರ ಬದಲಾವಣೆಗಳು ಒಂದೇ ಜಾಗದಲ್ಲಿ ಡಿಕ್ಕಿಯಾಗುವುದು) ಬರುತ್ತಿತ್ತು. ಅಕಾರಾದಿಯಾಗಿಯೇ ಸೇರಿಸಬೇಕೆಂಬ ನಿಯಮವನ್ನು ಬರೆದಿಟ್ಟರೂ ಅದನ್ನು ಕಾಯುವ ಹೊಣೆ ಪರಿಶೀಲಿಸುವವರ ಮೇಲೆಯೇ ಬೀಳುತ್ತಿತ್ತು.

ಸಾಲುಗಳನ್ನು ವಿಂಗಡಿಸುವ ಯುನಿಕ್ಸ್‌ನ ಸಾರ್ಟ್ ಆದೇಶ ಇದಕ್ಕೆ ಒದಗುವುದಿಲ್ಲ. ಅದು ಪ್ರತಿ ಸಾಲನ್ನೂ ಬಿಡಿಯಾಗಿ ನೋಡುವುದರಿಂದ ಉಪಪಟ್ಟಿಯ ಸಾಲುಗಳು ತಮ್ಮ ಮೂಲ ಸಾಲಿನಿಂದ ಬೇರ್ಪಟ್ಟು ಎಲ್ಲೋ ಹೋಗಿ ಸೇರುತ್ತವೆ. ಸಾಲದ್ದಕ್ಕೆ, ಸಿ ಎಂಬ ಲೊಕೇಲ್‌ನಲ್ಲಿ (ಯಂತ್ರದ ಭಾಷೆ, ಪ್ರದೇಶದ ಸೆಟ್ಟಿಂಗ್) ಅದು ಬೈಟ್ ಮೌಲ್ಯವನ್ನಷ್ಟೇ, ಅಂದರೆ ಅಕ್ಷರಕ್ಕೆ ಯಂತ್ರ ಕೊಡುವ ಸಂಖ್ಯೆಯನ್ನಷ್ಟೇ, ಹೋಲಿಸುತ್ತದೆ: ದೊಡ್ಡಕ್ಷರದ ಝಡ್ 90, ಚಿಕ್ಕಕ್ಷರದ ಎ 97, ಹಾಗಾಗಿ ಝಡ್ ಮೊದಲು ಬರುತ್ತದೆ. ಲೊಕೇಲ್ ಬೇರೆಯಾದರೆ ಕ್ರಮವೂ ಬೇರೆಯಾಗುವುದರಿಂದ, ಒಬ್ಬರ ಯಂತ್ರ ಜೋಡಿಸಿದ್ದನ್ನು ಇನ್ನೊಬ್ಬರ ಯಂತ್ರ ಕದಲಿಸಬಹುದು.

ಆದ್ದರಿಂದ ಪೈಥಾನ್‌ನಲ್ಲಿ ಚಿಕ್ಕ ಸ್ಕ್ರಿಪ್ಟ್ ಬರೆದೆ. ಪಟ್ಟಿಯ ಸಾಲಿನ ಮೊದಲಲ್ಲಿರುವ ಒಂದು ಗುರುತಿನಿಂದ ಅದೇ ಮಟ್ಟದ ಮುಂದಿನ ಗುರುತಿನವರೆಗಿನ ಎಲ್ಲ ಸಾಲುಗಳನ್ನೂ ಅದು ಒಂದೇ ಘಟಕವಾಗಿ ಹಿಡಿಯುತ್ತದೆ. ಹೋಲಿಕೆಗೆ ಚೌಕ ಕಂಸದೊಳಗಿನ ಲಿಂಕ್‌ನ ಹೆಸರನ್ನು, ದೊಡ್ಡಕ್ಷರ ಚಿಕ್ಕಕ್ಷರದ ಭೇದ ಅಳಿಸಿ, ಬಳಸುತ್ತದೆ. ಹೆಸರು ಒಂದೇ ಆದಾಗ ವಿಳಾಸವನ್ನು ನೋಡುತ್ತದೆ. ಹೆಸರಿನ ಸುತ್ತಲಿನ ಬ್ಯಾಕ್‌ಟಿಕ್ (`) ಚಿಹ್ನೆಯನ್ನೂ ಹೋಲಿಕೆಗೆ ಮುನ್ನ ತೆಗೆಯಲೇಬೇಕು, ಏಕೆಂದರೆ ಅದರ ಮೌಲ್ಯ 96. ಬಿಟ್ಟರೆ ಅಂಥ ಹೆಸರುಗಳೆಲ್ಲ ಎ ಅಕ್ಷರಕ್ಕೂ ಮೊದಲೇ ಗುಂಪುಗೂಡುತ್ತವೆ. ಕೊನೆಯ ಘಟಕಕ್ಕೆ ಅಂಟಿಕೊಂಡ ಖಾಲಿ ಸಾಲನ್ನು ಬಿಡಿಸಿಡದಿದ್ದರೆ, ಆ ಘಟಕ ಮೇಲೆ ಸರಿದಾಗ ಖಾಲಿ ಸಾಲೂ ಜೊತೆಗೆ ಹೋಗಿ ಪಟ್ಟಿಯ ನಡುವೆ ಕೂರುತ್ತದೆ.

ವಿಂಗಡಿಸುವುದಕ್ಕಿಂತ, ಯಾವುದನ್ನು ಮುಟ್ಟಬಾರದೆಂದು ತೀರ್ಮಾನಿಸುವುದೇ ನಿಜವಾದ ಕೆಲಸವೆಂಬುದು ನನ್ನ ಅಭಿಪ್ರಾಯ. ಅನುಸ್ಥಾಪನೆಯ ಹಂತಗಳಿಗೂ ಹೊಸಬರು ಓದಬೇಕಾದ ಪುಟಗಳಿಗೂ ಅವುಗಳದೇ ಆದ ಕ್ರಮವಿರುತ್ತದೆ, ಅದನ್ನು ಸ್ಕ್ರಿಪ್ಟ್ ಊಹಿಸಲಾರದು. ಹಾಗಾಗಿ ಆರಂಭ ಮತ್ತು ಅಂತ್ಯವನ್ನು ಸೂಚಿಸುವ ಎಚ್‌ಟಿಎಂಎಲ್ ಕಮೆಂಟ್‌ಗಳ ನಡುವಿನ ಪಟ್ಟಿಗಳನ್ನು ಮಾತ್ರ ಅದು ಜೋಡಿಸುತ್ತದೆ. ಓದುಗರಿಗೆ ಈ ಕಮೆಂಟ್‌ಗಳು ಕಾಣುವುದಿಲ್ಲ. ಅಂತ್ಯದ ಗುರುತು ಇಲ್ಲದಿದ್ದರೆ ಕಡತವನ್ನು ಬದಲಿಸದೆ, ಸಾಲಿನ ಸಂಖ್ಯೆಯನ್ನು ತಿಳಿಸಿ ನಿಲ್ಲುತ್ತದೆ.

ಈಗ ಕಮಿಟ್‌ಗೆ (ಬದಲಾವಣೆಯನ್ನು ಗಿಟ್‌ನಲ್ಲಿ ದಾಖಲಿಸುವುದಕ್ಕೆ) ಮುನ್ನ ಸ್ಕ್ರಿಪ್ಟ್ ತಾನಾಗಿ ಓಡುತ್ತದೆ. ಸರ್ವರ್‌ನಲ್ಲಿ ಮಾತ್ರ ಅದು ತಿದ್ದುವುದಿಲ್ಲ, ಕ್ರಮ ತಪ್ಪಿದ ಸಾಲನ್ನು ತೋರಿಸಿ ವಿಫಲವಾಗುತ್ತದೆ. ಮೊದಲ ಬಾರಿಗೆ ಇಡೀ ಕಡತವನ್ನು ಜೋಡಿಸಿದ ಬದಲಾವಣೆಯನ್ನು ಬೇರೇನೂ ಬೆರೆಸದೆ ಪ್ರತ್ಯೇಕ ಕಮಿಟ್ ಮಾಡಿದೆ. 2019ರಲ್ಲಿ ಬಂದ ಗಿಟ್ 2.23ರಿಂದ ಪ್ರತಿ ಸಾಲನ್ನು ಕೊನೆಯದಾಗಿ ಬದಲಿಸಿದವರನ್ನು ತೋರಿಸುವ ಬ್ಲೇಮ್ ಆದೇಶಕ್ಕೆ ಕಡೆಗಣಿಸಬೇಕಾದ ಕಮಿಟ್‌ಗಳ ಪಟ್ಟಿಯನ್ನು ಕೊಡಬಹುದಾದ್ದರಿಂದ, ಆ ಕಮಿಟ್ಟನ್ನು ಅದರಲ್ಲಿ ಸೇರಿಸಿದ್ದೇನೆ. ಲಿಂಕ್‌ಗಳನ್ನು ಮೊದಲು ಸೇರಿಸಿದವರ ಹೆಸರುಗಳನ್ನು ಹೀಗೆ ಬಹುಮಟ್ಟಿಗೆ ಉಳಿಸಿಕೊಳ್ಳಬಹುದು.