ರಾಜನಿಗೆ ಸಿಂಹಾಸನ ದಿನಾ ಕೂರೋ ಕುರ್ಚಿ ಅಷ್ಟೇ: ಲೀಡ್ ಪಾತ್ರಕ್ಕೆ ನಾನು ತಯಾರಾದ ರೀತಿ

ಐತಿಹಾಸಿಕ ಸಿನಿಮಾದಲ್ಲಿ ಲೀಡ್ ಪಾತ್ರ ಸಿಕ್ತು ಅಂದ ತಕ್ಷಣ ಎಲ್ರೂ ಹೇಳೋ ಮೊದಲ್ನೇ ಮಾತು 'ಗತ್ತು ಇರ್ಬೇಕು ಗುರು' ಅಂತ. ನಾಟಕದಲ್ಲಿ ರಾಜ, ಸೇನಾಪತಿ, ದಳವಾಯಿ ಎಲ್ಲಾ ಮಾಡ್ಕೊಂಡು ಬಂದೋನು ನಾನು, ಗತ್ತು ಅಂದ್ರೇನು ಅಂತ ಚೆನ್ನಾಗೇ ಗೊತ್ತಿತ್ತು. ಎದೆ ಮುಂದೆ, ಗದ್ದ ಮೇಲೆ, ಒಂದು ಕೈ ಕತ್ತಿ ಹಿಡಿ ಮೇಲೆ, ಡೈಲಾಗ್‌ನ ಕೊನೆ ಪದ ಎಳೆದು ಬಿಡೋದು. ಸ್ಟೇಜ್ ಮೇಲೆ ಅದು ಕೆಲಸ ಮಾಡುತ್ತೆ, ಚಪ್ಪಾಳೆನೂ ಬೀಳುತ್ತೆ. ಆದ್ರೆ ಮೂರು ಗಂಟೆ ಜನ ನಿಮ್ ಮುಖ ನೋಡ್ಕೊಂಡೇ ಕೂತಿರ್ಬೇಕು ಅಂದಾಗ ಬರೀ ಗತ್ತು ಎಷ್ಟು ದೂರ ಎಳೆಯುತ್ತೆ? ನನಗೇನೋ ಅರ್ಧ ಗಂಟೆಗಿಂತ ಮುಂದೆ ಹೋಗಲ್ಲ ಅನ್ನಿಸ್ತು. ಅದಕ್ಕೇ ಶೂಟಿಂಗ್ ಶುರು ಆಗೋಕೆ ಮುಂಚೆ ಸಿಕ್ಕಿದ ಟೈಮಲ್ಲಿ ದೊಡ್ಡ ದೊಡ್ಡ ಐತಿಹಾಸಿಕ ಸಿನಿಮಾಗಳನ್ನ ಸೌಂಡ್ ಮ್ಯೂಟ್ ಮಾಡ್ಕೊಂಡು ನೋಡಕ್ಕೆ ಕೂತೆ, ಕಥೆ ಗೊತ್ತಿರೋ ಸಿನಿಮಾಗಳೇ, ಡೈಲಾಗ್ ಇಲ್ದೆ, ಮ್ಯೂಸಿಕ್ ಇಲ್ದೆ ಈ ಮನುಷ್ಯ ಏನ್ ಮಾಡ್ತಿದಾನೆ ಅಂತ ನೋಡ್ಬೇಕಿತ್ತು ನನಗೆ.

ಮ್ಯೂಟ್ ಮಾಡಿ ನೋಡಿದ್ರೆ ತುಂಬಾ ಜನ ಬಿದ್ದೋಗ್ತಾರೆ ಮಾರಾಯ್ರೆ. ಹೆಸರು ಬೇಡ. ಮ್ಯೂಸಿಕ್ ತೆಗೆದ್ರೆ ಒಬ್ಬ ಮನುಷ್ಯ ಒಡವೆ ಹಾಕ್ಕೊಂಡು ನಿಧಾನಕ್ಕೆ ನಡೀತಿದಾನೆ ಅಷ್ಟೇ ಕಾಣೋದು. ಆದ್ರೆ 1968ರ 'ದಿ ಲಯನ್ ಇನ್ ವಿಂಟರ್' ನೋಡಿ, ಪೀಟರ್ ಓ'ಟೂಲ್ ಇಂಗ್ಲೆಂಡಿನ ಎರಡನೇ ಹೆನ್ರಿ ರಾಜ. ಬೆಳಿಗ್ಗೆ ಎದ್ದು ಮುಖ ತೊಳಿಯೋಕೆ ಹೋಗ್ತಾನೆ, ಪಾತ್ರೆಯಲ್ಲಿರೋ ನೀರು ಹೆಪ್ಪುಗಟ್ಟಿದೆ, ಆ ಐಸ್ ಒಡೆದು ಅದೇ ನೀರಲ್ಲಿ ಮುಖ ತೊಳ್ಕೊತಾನೆ. ಕೋಟೆ ಅಂಗಳದಲ್ಲಿ ಕೋಳಿ, ನಾಯಿ ಓಡಾಡ್ಕೊಂಡಿವೆ. ಅವನ ಪಾಲಿಗೆ ಅದೇನೂ ದೊಡ್ಡ ವಿಷ್ಯ ಅಲ್ಲ, ಚಳಿಗಾಲದ ಒಂದು ಬೆಳಿಗ್ಗೆ ಅಷ್ಟೇ. ಅಲ್ಲೇ ನನಗೆ ತಲೆಗೆ ಹೊಳೆದಿದ್ದು: ನಮಗೆ ಇದು ಚರಿತ್ರೆ, ಅವನಿಗೆ ಇದು ಇವತ್ತು. ತಾನು ಪಾಠಪುಸ್ತಕದಲ್ಲಿ ಬರ್ತೀನಿ ಅಂತ ಅವನಿಗೆ ಗೊತ್ತಿಲ್ಲ. ನಟನಿಗೆ ಅದು ಗೊತ್ತಿದ್ದು ಅವನು ಅದನ್ನ ಪಾತ್ರದ ಕಿವಿಗೆ ಊದಿಬಿಟ್ರೆ ಪಾತ್ರ ಅಲ್ಲೇ ಪ್ರತಿಮೆ ಆಗೋಗುತ್ತೆ.

ಇದನ್ನ ಇಟ್ಕೊಂಡು ನಾನು ಮೊದಲು ಮಾಡಿದ ಕೆಲಸ ಕಾಸ್ಟ್ಯೂಮ್ ಡಿಪಾರ್ಟ್‌ಮೆಂಟ್ ಹತ್ರ ಹೋಗಿ ಬೇಡ್ಕೊಂಡಿದ್ದು. ಪೂರ್ತಿ ಡ್ರೆಸ್ ಕೊಡಲ್ಲ ಅಂದ್ರು, ಸರಿ, ಪ್ರಾಕ್ಟೀಸಿಗೆ ಅಂತ ಹಳೇ ಕವಚ, ಸೊಂಟದ ಪಟ್ಟಿ, ಅದೇ ತೂಕದ ಒಂದು ಕತ್ತಿ ಕೊಟ್ರು. ಅದನ್ನ ಹಾಕ್ಕೊಂಡೇ ಕೂತೆ, ಊಟ ಮಾಡ್ದೆ, ಮೆಟ್ಟಿಲು ಹತ್ತಿ ಇಳ್ದೆ, ಫೋನಲ್ಲಿ ಮಾತಾಡ್ದೆ, ಮನೆಯವರು ನಗ್ತಾನೇ ಇದ್ರು. ಶುರುವಲ್ಲಿ ಕೂರುವಾಗೆಲ್ಲ ಕತ್ತಿ ನೆಲಕ್ಕೆ ಹೊಡೀತಿತ್ತು, ಪ್ರತಿ ಸಲ ಬಗ್ಗಿ ನೋಡ್ತಿದ್ದೆ. ಆಮೇಲಾಮೇಲೆ ಎಡಗೈ ತಾನಾಗೇ ಹೋಗಿ ಹಿಡಿ ಒತ್ತಿ ಒರೆನ ಹಿಂದಕ್ಕೆ ತಳ್ಳಕ್ಕೆ ಶುರು ಮಾಡ್ತು, ಕಣ್ಣು ಅತ್ತ ಹೋಗ್ತಾನೇ ಇರ್ಲಿಲ್ಲ. ನೋಡೋರಿಗೆ ಅದು ಗತ್ತು ತರ ಕಾಣುತ್ತೆ, ಅಸಲಿಗೆ ಕತ್ತಿ ಕಾಲಿಗೆ ತಾಗದೇ ಇರ್ಲಿ ಅಂತ ಮಾಡೋ ಕೆಲಸ ಅದು.

1982ರ 'ಗಾಂಧಿ' ಸಿನಿಮಾಗೆ ಬೆನ್ ಕಿಂಗ್ಸ್‌ಲಿ ಚರಕದಲ್ಲಿ ನೂಲೋದನ್ನ ನಿಜವಾಗ್ಲೂ ಕಲ್ತಿದ್ರು. ಆ ಪಾತ್ರದ ಬಗ್ಗೆ ಎಲ್ರೂ ಮುಖ ಹೋಲಿಕೆ ಬಗ್ಗೆನೇ ಮಾತಾಡ್ತಾರೆ, ನಾನು ಕೈ ನೋಡಿ ಅಂತೀನಿ. 1959ರ 'ಬೆನ್ ಹರ್'ಗೆ ಚಾರ್ಲ್‌ಟನ್ ಹೆಸ್ಟನ್ ನಾಲ್ಕು ಕುದುರೆ ರಥ ಓಡಿಸೋದು ಕಲ್ತಿದ್ದೂ ಅದೇ ಲೆಕ್ಕ. ಸ್ಟಂಟ್ ಮಾಡೋರು ಬೇರೆ ಇದ್ದೇ ಇದ್ರು, ಆದ್ರೆ ಕ್ಲೋಸಪ್‌ನಲ್ಲಿ ಲಗಾಮಿನ ಎಳೆತ ಭುಜದಲ್ಲಿ ಕಾಣ್ಬೇಕಲ್ಲ. ಇನ್ನೊಂದು ಹೇಳ್ಬಿಡ್ತೀನಿ, ಆ ರಥದ ರೇಸ್ ನಡೀತಿರುವಾಗ ಮ್ಯೂಸಿಕ್ಕೇ ಇಲ್ಲ. ಗಾಲಿ ಸದ್ದು, ಗೊರಸು, ಜನರ ಕೂಗು, ಚಾಟಿ. 11 ಆಸ್ಕರ್ ತಗೊಂಡ ಸಿನಿಮಾದ ಅತಿ ದೊಡ್ಡ ದೃಶ್ಯದಲ್ಲಿ ಬಿಜಿಎಂ ಹಾಕಿಲ್ಲ ಅಂದ್ರೆ ಎಷ್ಟು ಧೈರ್ಯ ಇರ್ಬೇಕು, ಈಗಿನ ಕಾಲದಲ್ಲಿ ಒಬ್ಬ ಕುದುರೆ ಹತ್ತಿದ್ರೆ ಸಾಕು ನೂರು ಜನ ಕೋರಸ್ ಹಾಡ್ತಾರೆ.

ಮಾತಿನ ವಿಷ್ಯಕ್ಕೆ ಬಂದ್ರೆ, ನಮ್ ಐತಿಹಾಸಿಕ ಸಿನಿಮಾಗಳಲ್ಲಿ ದೊಡ್ಡ ತಲೆನೋವು ಗ್ರಾಂಥಿಕ ಭಾಷೆ. ಅಣ್ಣಾವ್ರು ಅದನ್ನ ಹೆಂಗೆ ದಾಟ್ತಿದ್ರು ಅಂತ ಕಿವಿಗೊಟ್ಟು ಕೇಳ್ದೆ. 1960ರ 'ರಣಧೀರ ಕಂಠೀರವ', 1970ರ 'ಶ್ರೀ ಕೃಷ್ಣದೇವರಾಯ', 1975ರ 'ಮಯೂರ', ಮೂರನ್ನೂ ಈ ಸಲ ಉಲ್ಟಾ ಮಾಡ್ದೆ, ಪರದೆ ಮುಚ್ಚಿ ಬರೀ ಸೌಂಡ್. ಗುಬ್ಬಿ ಕಂಪನಿಯಲ್ಲಿ ಪಳಗಿದ ಗಂಟಲು, ಎಷ್ಟು ಉದ್ದದ ವಾಕ್ಯ ಆದ್ರೂ ಉಸಿರು ಎಲ್ಲಿ ತಗೊಂಡ್ರು ಅಂತ ಗೊತ್ತಾಗಲ್ಲ, ಅರ್ಥ ಎಲ್ಲಿ ತಿರುಗುತ್ತೋ ಅಲ್ಲೇ ಉಸಿರು. ಕೂಗೋ ಕಡೆನೂ ಯಾರಿಗೆ ಹೇಳ್ತಿದಾರೆ ಅನ್ನೋದು ಕೇಳಿಸುತ್ತೆ. ಗ್ರಾಂಥಿಕ ಕನ್ನಡ ಅವರ ಬಾಯಲ್ಲಿ ಮಾತಾಗುತ್ತೆ, ನಮ್ಮಂಥೋರ ಬಾಯಲ್ಲಿ ಭಾಷಣ ಆಗುತ್ತೆ. ಅದಕ್ಕೆ ನಾನು ಮಾಡಿದ ಉಪಾಯ ಸ್ವಲ್ಪ ಹುಚ್ಚು, ಫ್ರೆಂಡ್ಸ್ ಜೊತೆ ಮಾತಾಡೋ ಸಣ್ಣಪುಟ್ಟ ಮಾತೆಲ್ಲ ಗ್ರಾಂಥಿಕದಲ್ಲೇ ಆಡಕ್ಕೆ ಶುರು ಮಾಡ್ದೆ. 'ನನ್ನ ಚಾರ್ಜರನ್ನು ಯಾರು ತೆಗೆದುಕೊಂಡು ಹೋದಿರಿ' ಅಂತ ನಿಜವಾದ ಸಿಟ್ಟಲ್ಲಿ ಕೇಳಿ ನೋಡಿ, ಅವಾಗ ಗೊತ್ತಾಗುತ್ತೆ ಆ ಭಾಷೆಗೂ ಸಿಟ್ಟು ಬರುತ್ತೆ, ಸುಸ್ತಾಗುತ್ತೆ, ಬೇಜಾರೂ ಆಗುತ್ತೆ ಅಂತ. 2012ರ 'ಲಿಂಕನ್'ನಲ್ಲಿ ಡೇನಿಯಲ್ ಡೇ ಲೂಯಿಸ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಎಲ್ರೂ ಗಂಭೀರವಾದ ತಗ್ಗು ದನಿ ನಿರೀಕ್ಷೆ ಮಾಡೋ ಜಾಗದಲ್ಲಿ ತೆಳ್ಳಗಿನ ಏರುದನಿ ಇಟ್ರು, ಲಿಂಕನ್ ದನಿ ಕೇಳಿದ್ದ ಅವನ ಕಾಲದೋರು ಬರೆದಿಟ್ಟಿದ್ದೂ ಹಂಗೇ.

ಈಗ ನನ್ನ ಸ್ಕ್ರಿಪ್ಟ್ ಬಗ್ಗೆ. ಪ್ರತಿ ಸೀನಿಗೂ ಒಂದೇ ಪ್ರಶ್ನೆ ಕೇಳ್ಕೊಂಡೆ: ಈಗ ಇವನನ್ನ ಯಾರು ನೋಡ್ತಿದಾರೆ ಅಂತ ಇವನಿಗೆ ಗೊತ್ತಾ? ಗೊತ್ತಿದ್ರೆ ಕೆಂಪು ಪೆನ್ಸಿಲ್, ಗೊತ್ತಿಲ್ದಿದ್ರೆ ನೀಲಿ. ಆಸ್ಥಾನ, ಸೈನ್ಯದ ಮುಂದೆ ಮಾತು, ಶತ್ರುವಿನ ದೂತ ಬಂದಾಗ, ಇವೆಲ್ಲ ಕೆಂಪು. ಅಲ್ಲಿ ಗತ್ತು ಮಾಡ್ಬಹುದು ಯಾಕಂದ್ರೆ ಪಾತ್ರನೇ ಗತ್ತು ಮಾಡ್ತಿದೆ, ರಾಜರೂ ನಟರೇ ತಾನೇ. ಬಾಕಿಯೆಲ್ಲ ನೀಲಿ. ಹಿಂಗೆ ಗುರುತು ಹಾಕ್ತಾ ಹೋದಾಗ ಗೊತ್ತಾಗಿದ್ದು ಏನಂದ್ರೆ ಜನಕ್ಕೆ ನೆನಪಲ್ಲಿ ಉಳಿಯೋ ದೃಶ್ಯಗಳು ಬರೀ ಕೆಂಪಲ್ಲೂ ಇರಲ್ಲ, ಬರೀ ನೀಲಿಯಲ್ಲೂ ಇರಲ್ಲ, ಒಂದರಿಂದ ಇನ್ನೊಂದಕ್ಕೆ ದಾಟೋ ಜಾಗದಲ್ಲಿ ಇರ್ತವೆ.

ಉದಾಹರಣೆ ಬೇಕಾ? 1998ರ 'ಎಲಿಜಬೆತ್', ನಮ್ ಶೇಖರ್ ಕಪೂರ್ ಮಾಡಿದ್ದು. ಸಂಸತ್ತಿಗೆ ಹೋಗೋಕೆ ಮುಂಚೆ ರಾಣಿ ಪಾತ್ರದ ಕೇಟ್ ಬ್ಲಾಂಚೆಟ್ ಒಬ್ಳೇ ನಿಂತು ಭಾಷಣ ಪ್ರಾಕ್ಟೀಸ್ ಮಾಡ್ತಾಳೆ, ತಡವರಿಸ್ತಾಳೆ, ಮತ್ತೆ ಶುರು ಮಾಡ್ತಾಳೆ, ತನ್ ಮೇಲೇ ಸಿಟ್ಟು ಮಾಡ್ಕೊತಾಳೆ. ಆಮೇಲೆ ಸಭೆಯಲ್ಲಿ ಅವಳು ಗೆಲ್ಲೋದು ನಮಗೆ ಇಷ್ಟ ಆಗೋದೇ ಆ ತಡವರಿಕೆ ನೋಡಿರೋದ್ರಿಂದ. 2000ದ 'ಗ್ಲಾಡಿಯೇಟರ್'ನಲ್ಲಿ ರಸೆಲ್ ಕ್ರೋ ಕಾಳಗಕ್ಕೆ ಮುಂಚೆ ಬಗ್ಗಿ ಮಣ್ಣು ತಗೊಂಡು ಅಂಗೈಗೆ ಉಜ್ಜಿಕೊಳ್ತಾನೆ, ಅದು ಯಾರಿಗೂ ತೋರ್ಸಕ್ಕೆ ಮಾಡೋದಲ್ಲ, ಪಕ್ಕಾ ನೀಲಿ. ಅದೇ ಮನುಷ್ಯನಿಗೆ ಅಖಾಡದ ಮಧ್ಯೆ ಚಕ್ರವರ್ತಿ ನೀನ್ಯಾರು ತೋರ್ಸು, ಹೆಸರು ಹೇಳು ಅಂತಾನೆ, ಇವನು ಬೆನ್ನು ತಿರುಗಿಸಿ ಹೊರಟುಬಿಡ್ತಾನೆ, ಆಮೇಲೆ ನಿಂತು ಹೆಲ್ಮೆಟ್ ತೆಗೆದು ತಿರುಗ್ತಾನೆ. ಡೈಲಾಗ್ ಬರೋದು ಆಮೇಲೆ, ಸೀನ್ ಗೆದ್ದಿದ್ದು ಆ ಬೆನ್ನಲ್ಲಿ, ಅಡಗಿಕೊಂಡಿದ್ದೋನು ಕಾಣಿಸ್ಕೊಳ್ಳೋಕೆ ಮನಸ್ಸು ಮಾಡೋ ಆ ಒಂದು ಗಳಿಗೆಯಲ್ಲಿ.

ಪಾತ್ರಕ್ಕೆ ತಾನು ಚರಿತ್ರೆ ಅಂತ ಗೊತ್ತಿರಬಾರದು ಅಂದ್ನಲ್ಲ, ಅದಕ್ಕೆ ಉಲ್ಟಾ ಹೊಡಿಯೋ ಪಾತ್ರನೂ ಒಂದಿದೆ, 1962ರ 'ಲಾರೆನ್ಸ್ ಆಫ್ ಅರೇಬಿಯಾ'. ಬಿಳಿ ಅರಬ್ ನಿಲುವಂಗಿ ಸಿಕ್ಕಾಗ ಲಾರೆನ್ಸ್ ಅನ್ನೋ ಆ ಬ್ರಿಟಿಷ್ ಅಧಿಕಾರಿ ಒಬ್ಬನೇ ಮರಳಲ್ಲಿ ನಿಂತು ಕಠಾರಿ ಎಳೆದು ಅದರ ಅಲಗಲ್ಲಿ ತನ್ನ ಮುಖ ನೋಡ್ಕೊತಾನೆ, ತಾನು ಹೆಂಗೆ ಕಾಣ್ತಿದೀನಿ ಅಂತ. ಇವನಿಗೆ ಚರಿತ್ರೆ ಆಗೋ ಆಸೆ. ಮುಂದೆ ಕಗ್ಗೊಲೆ ಆದ್ಮೇಲೆ ಅದೇ ಕಠಾರಿ, ರಕ್ತ ಮೆತ್ತಿದೆ, ಮತ್ತೆ ನೋಡ್ಕೊತಾನೆ. ಅದೂ ಓ'ಟೂಲ್ ನಟನೆನೇ, ಆರು ವರ್ಷ ಆದ್ಮೇಲೆ ಐಸ್ ಒಡೆದು ಮುಖ ತೊಳೆದ ಅದೇ ಮನುಷ್ಯ. ಅಂದ್ರೆ ನನ್ನ ಲೆಕ್ಕ ಕೆಟ್ಟಿಲ್ಲ, ಪ್ರಶ್ನೆ ಅದೇ, ಉತ್ತರ ಬೇರೆ: ಇವನು ಯಾರೂ ಇಲ್ದಾಗ್ಲೂ ಕೆಂಪಲ್ಲೇ ಬದುಕ್ತಾನೆ, ಅದೇ ಅವನ ಕಾಯಿಲೆ.

ಇನ್ನೊಂದು ವಿಷ್ಯ ನಾಟಕದೋರಿಗೆಲ್ಲ ಗೊತ್ತು, ಸಿನಿಮಾದೋರು ಮರೀತಾರೆ. ರಾಜನನ್ನ ರಾಜ ಮಾಡೋದು ಸುತ್ತ ಇರೋರು. 1960ರ 'ಸ್ಪಾರ್ಟಕಸ್'ನಲ್ಲಿ ಸೋತ ಗುಲಾಮರೆಲ್ಲ ಒಬ್ಬೊಬ್ಬರಾಗಿ ಎದ್ದು ನಾನೇ ಸ್ಪಾರ್ಟಕಸ್ ಅಂತಾರೆ, ಆ ಹೊತ್ತಲ್ಲಿ ಕರ್ಕ್ ಡಗ್ಲಾಸ್ ಏನೂ ಮಾಡಲ್ಲ, ಸುಮ್ನೆ ಕೇಳಿಸ್ಕೊತಾನೆ, ಕಣ್ಣು ತುಂಬುತ್ತೆ. ಆ ಇಡೀ ಸಿನಿಮಾದಲ್ಲಿ ಹೀರೋ ಅತಿ ದೊಡ್ಡವನಾಗಿ ಕಾಣೋದು ಬೇರೆಯವ್ರು ಮಾತಾಡುವಾಗ. 'ಶ್ರೀ ಕೃಷ್ಣದೇವರಾಯ'ದಲ್ಲಿ ಬಿ.ಆರ್. ಪಂತುಲು ತಾವೇ ನಿರ್ದೇಶನ ಮಾಡಿ ತಿಮ್ಮರಸು ಪಾತ್ರನೂ ಮಾಡಿದ್ರು. ರಾಯ ಯಾರನ್ನ ಅಪ್ಪಾಜಿ ಅಂತಾನೋ ಆ ಮುದುಕನ ಮುಂದೆ ಎಷ್ಟು ತಗ್ತಾನೋ ಅಷ್ಟೇ ಎತ್ತರ ನಮ್ ಕಣ್ಣಿಗೆ. ಎದುರಿಗೆ ಅಂಥ ನಟ ಇಲ್ದೆ ಹೋದ್ರೆ ಒಬ್ಬನೇ ಗಾಳಿಗೆ ಗುದ್ದಾಡಿದ ಹಾಗೆ.

ಅದಕ್ಕೆ ನಮ್ ಸೆಟ್ಟಲ್ಲಿ ನಾನು ಜೂನಿಯರ್ ಆರ್ಟಿಸ್ಟ್‌ಗಳ ಜೊತೆ ಕೂತ್ಕೊಂಡು ಊಟ ಮಾಡಕ್ಕೆ ಶುರು ಮಾಡ್ದೆ, ಅಸೋಸಿಯೇಟ್ ಡೈರೆಕ್ಟರ್‌ಗೆ ಅದು ಇಷ್ಟ ಆಗ್ಲಿಲ್ಲ, ಕಾಲ್ ಶೀಟ್ ಹಾಳಾಗುತ್ತೆ ಅಂತ. ಆದ್ರೆ ಕಾವಲುಗಾರರ ಪಾತ್ರದೋರಿಗೆ ಒಂದೊಂದು ಸಣ್ಣ ಕಾರಣ ಕೊಟ್ಟೆ. ಒಬ್ಬನಿಗೆ ನನ್ ಮೇಲೆ ಹಳೇ ಸಿಟ್ಟು, ಇನ್ನೊಬ್ಬ ಹೊಸಬ, ಕಣ್ಣೆತ್ತಿ ನೋಡೋ ಧೈರ್ಯ ಇಲ್ಲ, ಮತ್ತೊಬ್ಬ ವಯಸ್ಸಾದೋನು, ನನ್ನನ್ನ ಮಗು ಆಗಿದ್ದಾಗಿಂದ ನೋಡಿದಾನೆ, ಅವನಿಗೆ ಭಯನೇ ಇಲ್ಲ. ನಾನು ಬಾಗಿಲಿಂದ ಒಳಗೆ ಬರ್ತೀನಿ ಅಷ್ಟೇ, ಮೂರು ಜನ ಮೂರು ತರ ನಿಲ್ತಾರೆ, ನನ್ನ ಕೆಲಸ ಅರ್ಧ ಮುಗೀತು.

ದೂರದ ಶಾಟ್ ಬಗ್ಗೆನೂ ಹೇಳ್ಬೇಕು, ಐತಿಹಾಸಿಕ ಸಿನಿಮಾದಲ್ಲಿ ನಟ ಬಹಳಷ್ಟು ಸಲ ಇರುವೆ ಗಾತ್ರ ಇರ್ತಾನೆ. 'ಲಾರೆನ್ಸ್'ನಲ್ಲಿ ಒಮರ್ ಶರೀಫ್ ಎಂಟ್ರಿ ಎಲ್ರಿಗೂ ಗೊತ್ತಿರೋದೇ, ಬಿಸಿಲುಗುದುರೆಯಲ್ಲಿ ಒಂದು ಕಪ್ಪು ಚುಕ್ಕೆ, ಕ್ಯಾಮೆರಾಮನ್ ಫ್ರೆಡಿ ಯಂಗ್ ಉದ್ದನೆ ಲೆನ್ಸಲ್ಲಿ ಹಿಡಿದು ನಿಂತಿದಾರೆ, ಕಟ್ ಮಾಡೋಕೆ ಅವಸರನೇ ಇಲ್ಲ. 1985ರ ಜಪಾನೀ ಸಿನಿಮಾ 'ರಾನ್'ನಲ್ಲಿ ನಿರ್ದೇಶಕ ಕುರೊಸಾವಾ ನಿಜವಾಗ್ಲೂ ಕೋಟೆ ಸೆಟ್ ಕಟ್ಟಿಸಿ ಸುಟ್ಟುಬಿಟ್ರು, ಮುದಿ ದೊರೆ ಪಾತ್ರದ ತತ್ಸುಯಾ ನಕಾದಾಯ್ ಉರಿಯೋ ಕೋಟೆಯಿಂದ ಮೆಟ್ಟಿಲಿಳಿದು ಬರ್ಬೇಕು, ಎರಡನೇ ಟೇಕ್ ಮಾತೇ ಇಲ್ಲ. ಅವರು ಓಡಲ್ಲ, ಕೂಗಲ್ಲ, ಎಲ್ಲಾ ಕಳ್ಕೊಂಡು ತಲೆ ಖಾಲಿ ಆದೋನ ತರ ಇಳೀತಾರೆ, ಸೈನಿಕರು ಇಬ್ಭಾಗ ಆಗಿ ದಾರಿ ಬಿಡ್ತಾರೆ. ಮುಖ ಕಾಣದಷ್ಟು ದೂರದಲ್ಲೂ ನಡಿಗೆ ಮಾತಾಡುತ್ತೆ. ನಾನು ಇದಕ್ಕೋಸ್ಕರ ಒಬ್ಬ ಫ್ರೆಂಡನ್ನ ಮೈದಾನದ ಆ ಕೊನೆಗೆ ನಿಲ್ಸಿ ಮೊಬೈಲಲ್ಲಿ ಶೂಟ್ ಮಾಡಿಸ್ತಿದ್ದೆ, ಗೆದ್ದು ಬರೋ ನಡಿಗೆ, ಗೆದ್ದು ಮಗನ್ನ ಕಳ್ಕೊಂಡು ಬರೋ ನಡಿಗೆ. ಅವನಿಗೆ ಯಾವುದು ಯಾವುದು ಅಂತ ಹೇಳದೆ ಕೇಳ್ತಿದ್ದೆ, ಅವನು ಸರಿಯಾಗಿ ಹೇಳೋವರೆಗೂ ಮನೆಗೆ ಬಿಡ್ತಿರ್ಲಿಲ್ಲ.

ಜನಸಾಗರದ ಬಗ್ಗೆ ನನ್ನ ಅಭಿಪ್ರಾಯ ಸ್ವಲ್ಪ ಖಾರ. 'ಗಾಂಧಿ'ಯ ಅಂತ್ಯಯಾತ್ರೆ ದೃಶ್ಯಕ್ಕೆ ಸುಮಾರು 3 ಲಕ್ಷ ಜನ ಸೇರಿದ್ರು ಅಂತಾರೆ, ಅದು ದಾಖಲೆನೇ. ಆದ್ರೆ ನಿರ್ದೇಶಕ ರಿಚರ್ಡ್ ಅಟೆನ್‌ಬರೋ ಅದನ್ನ ಇಟ್ಟಿದ್ದು ಎಲ್ಲಿ? ಸಿನಿಮಾ ಶುರುವಲ್ಲೇ. ಹತ್ಯೆ, ಆ ಜನಸಾಗರ, ಮುಗೀತಿದ್ದಂಗೆ ನೇರ ರಾತ್ರಿ ರೈಲಲ್ಲಿ ಕೂತಿರೋ ಒಬ್ಬ ಸೂಟ್ ಹಾಕಿದ ಯುವಕ, ಫಸ್ಟ್ ಕ್ಲಾಸ್ ಟಿಕೆಟ್ ಇದ್ರೂ ಹೊರಗೆ ತಳ್ಳಿಸ್ಕೊಳ್ಳೋನು. ಆ ಯುವಕನಿಗೆ ಮುಂದೆ ಏನಾಗುತ್ತೆ ಗೊತ್ತಿಲ್ಲ, ನಮಗೆ ಮಾತ್ರ ಗೊತ್ತು. ಈಗ ವಿಎಫ್‌ಎಕ್ಸಲ್ಲಿ 3 ಲಕ್ಷ ಏನು 30 ಲಕ್ಷ ಜನರನ್ನ ತುಂಬಬಹುದು, ಆ ರೈಲಿನ ಹುಡುಗನ್ನ ತುಂಬಕ್ಕಾಗಲ್ಲ.

ನಮ್ ಸಿನಿಮಾದಲ್ಲಿ ನನಗೆ ಹೆಚ್ಚು ಕೆಲಸ ಕೊಟ್ಟಿದ್ದು ಕೋಟೆ ಕಳ್ಕೊಂಡ ಮೇಲಿನ ಸೀನ್. ಸ್ಕ್ರಿಪ್ಟಲ್ಲಿ ಒಂದು ಪುಟ ಡೈಲಾಗ್ ಇತ್ತು, ತಾಯ್ನೆಲ, ರಕ್ತ, ಶಪಥ ಎಲ್ಲಾ. ಡೈರೆಕ್ಟರ್ ಹತ್ರ ಕೇಳ್ದೆ, ಸರ್, ಇಲ್ಲಿ ಇವನನ್ನ ಯಾರೂ ನೋಡ್ತಿಲ್ಲ ಅಲ್ವಾ, ಯಾರಿಗೆ ಹೇಳ್ತಿದಾನೆ ಇದನ್ನೆಲ್ಲ? ಅವರು ಒಂದು ರಾತ್ರಿ ಯೋಚನೆ ಮಾಡಿ ಎರಡು ಸಾಲು ಉಳ್ಸಿದ್ರು. ಉಳಿದ ಜಾಗಕ್ಕೆ ಏನು ಅಂದಾಗ ಕವಚ ಬಿಚ್ತೀನಿ ಅಂದೆ. ಅಷ್ಟು ದಿನ ಅದನ್ನ ಹಾಕ್ಕೊಂಡು ಓಡಾಡಿದ್ನಲ್ಲ, ಬೆನ್ನ ಹಿಂದಿನ ಗಂಟು ನಮ್ ಕೈಗೆ ಸಿಗಲ್ಲ, ಇನ್ನೊಬ್ಬರು ಬಿಚ್ಚಬೇಕು ಅಂತ ಗೊತ್ತಿತ್ತು. ರಾಜನಿಗೆ ದಿನಾ ಬಿಚ್ಚಿಕೊಡೋ ಆಳು ಸತ್ತಿದಾನೆ. ಹಿಂದಕ್ಕೆ ಕೈ ಹಾಕ್ತಾನೆ, ಸಿಗಲ್ಲ, ಇನ್ನೊಂದು ಕಡೆಯಿಂದ ಹಾಕ್ತಾನೆ, ಸಿಗಲ್ಲ, ಆಮೇಲೆ ಕತ್ತಿ ತಗೊಂಡು ದಾರ ಕುಯ್ಯೋಕೆ ನೋಡ್ತಾನೆ. ಕ್ಯಾಮೆರಾ ಓಡ್ತಾನೇ ಇತ್ತು, ಕಟ್ ಹೇಳ್ಲಿಲ್ಲ.

ಡಬ್ಬಿಂಗಲ್ಲಿ ಮತ್ತೆ ಜಗಳ. ಆ ಸೀನಿನ ಏದುಸಿರು, ಕವಚದ ಕಿರಿಕಿರಿ ಸದ್ದು ತೆಗೆದು ಪಿಟೀಲು ಹಾಕ್ತೀವಿ ಅಂದ್ರು. 'ಬೆನ್ ಹರ್' ರೇಸ್ ಕ್ಲಿಪ್ ತೋರ್ಸಿ ವಾದ ಮಾಡ್ದೆ, ಕೊನೆಗೆ ರಾಜಿ ಆಗಿ ಕವಚ ಬಿಚ್ಚೋವರೆಗೂ ಬರೀ ಉಸಿರು, ಅದು ಕೆಳಗೆ ಬಿದ್ದ ಮೇಲೆ ಪಿಟೀಲು ಅಂತ ಆಯ್ತು. ಪಿಟೀಲು ಈಗ್ಲೂ ನನಗೆ ಜಾಸ್ತಿನೇ ಅನ್ಸುತ್ತೆ.